ತರಗತಿಯಲ್ಲಿ ಇಪ್ಪತ್ತು ಮಕ್ಕಳಿಗೆ ಒಟ್ಟಿಗೆ ಗಿಟಾರ್ ಕಲಿಸುವುದು ಹೇಗೆ?

40 ನಿಮಿಷದ ಪಿರಿಯಡ್, ಹತ್ತು–ಹನ್ನೆರಡು ವಯಸ್ಸಿನ 20 ಮಕ್ಕಳು, ಅರ್ಧ ಹೊತ್ತು ಶ್ರುತಿ ಮಾಡುವುದರಲ್ಲೇ ಕಳೆಯುತ್ತದೆ, ಉಳಿದರ್ಧದಲ್ಲಿ ಕೆಲವರು ಹಿಂದೆ ಬೀಳುತ್ತಾರೆ ಎಂದಿದ್ದೀರಿ. ಮೊದಲು ಶ್ರುತಿಯ ವಿಷಯ.

ಮಕ್ಕಳು ಒಳಗೆ ಬರುವ ಮುಂಚೆ ಎಲ್ಲ ಗಿಟಾರ್‌ಗಳನ್ನೂ ನೀವೇ ಶ್ರುತಿ ಮಾಡಿಡಿ. ತರಗತಿ ನಡುವೆ ಸರಿಪಡಿಸಬೇಕಾದರೆ ಫೋನಿನ ಆ್ಯಪ್ ನಂಬಬೇಡಿ. ಅದರ ಮೈಕ್ ಪಕ್ಕದವರ ಗಿಟಾರನ್ನೂ ಕೇಳಿಸಿಕೊಳ್ಳುತ್ತದೆ. ಗಿಟಾರಿನ ತಲೆಭಾಗಕ್ಕೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ (ಶ್ರುತಿ ತೋರಿಸುವ ಪುಟ್ಟ ಸಾಧನ) ಮರದ ಕಂಪನವನ್ನೇ ಹಿಡಿಯುವುದರಿಂದ ಗದ್ದಲದಲ್ಲೂ ಸರಿಯಾಗಿ ತೋರಿಸುತ್ತದೆ. ಮೊದಲ ಕೆಲವು ವಾರ ಬಿರಡೆಗೆ ಮಕ್ಕಳು ಕೈಹಾಕುವುದು ಬೇಡ. ಸರಿಯಾದ ಸ್ವರ ದಾಟಿದ್ದು ತಿಳಿಯದೆ ಬಿಗಿಯುತ್ತಲೇ ಹೋಗುತ್ತಾರೆ, ಎಲ್ಲಕ್ಕಿಂತ ಕೆಳಗಿನ ಒಂದನೇ ತಂತಿ ಕಡಿಯುತ್ತದೆ. ಆ ತಂತಿಯನ್ನು ಹೆಚ್ಚುವರಿಯಾಗಿ ಇಟ್ಟುಕೊಂಡಿರಿ. ನೈಲಾನ್ ತಂತಿಯ ಗಿಟಾರೇ ಒಳ್ಳೆಯದು, ಬೆರಳು ಅಷ್ಟು ನೋಯುವುದಿಲ್ಲ. ಆದರೆ ಅದಕ್ಕೆ ಉಕ್ಕಿನ ತಂತಿ ಹಾಕಬೇಡಿ, ಎಳೆತಕ್ಕೆ ತಂತಿ ಕಟ್ಟುವ ಬ್ರಿಡ್ಜ್ ಕಿತ್ತುಬರಬಹುದು.

ಇನ್ನು ಕಾರ್ಡ್‌ಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪುಗಳು. ಆರು ತಂತಿಯ ಪೂರ್ತಿ ಕಾರ್ಡ್‌ನಿಂದ ಶುರುಮಾಡುವುದು ನನ್ನ ಪ್ರಕಾರ ತಪ್ಪು. ಕೆಳಗಿನ ಮೂರೇ ತಂತಿ ಸಾಕು, ಅಂದರೆ 3, 2, 1. ಏನೂ ಒತ್ತದೆ ಮೀಟಿದರೆ ಇ ಮೈನರ್ ಎಂಬ ಕಾರ್ಡ್. ಎರಡನೇ ತಂತಿಯ ಮೊದಲ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ) ಅನ್ನು ತೋರುಬೆರಳಿನಿಂದ ಒತ್ತಿದರೆ ಸಿ. ಒಂದನೇ ತಂತಿಯ ಮೂರನೇ ಫ್ರೆಟ್ ಅನ್ನು ಉಂಗುರಬೆರಳಿನಿಂದ ಒತ್ತಿದರೆ ಜಿ. ಇವೇ ಬೆರಳುಗಳು ಮುಂದೆ ಪೂರ್ತಿ ಕಾರ್ಡ್‌ನಲ್ಲೂ ಅದೇ ಜಾಗದಲ್ಲಿರುತ್ತವೆ, ಕಲಿತದ್ದನ್ನು ಮರೆಸಬೇಕಿಲ್ಲ. ಬೇಗ ಕಲಿಯುವವರು ಪೂರ್ತಿ ಕಾರ್ಡ್ ನುಡಿಸಲಿ, ಉಳಿದವರು ಮೂರು ತಂತಿಯಲ್ಲೇ ಇರಲಿ. ಒಂದೇ ಹಾಡಿಗೆ ಎರಡೂ ಹೊಂದುತ್ತವೆ.

ತಂತಿ ಗರಗರ ಎಂದರೆ ಬೆರಳು ಲೋಹದ ಪಟ್ಟಿಯಿಂದ ದೂರವಿದೆ, ಅದರ ಬೆನ್ನಿಗೇ ಸರಿಸಿ. ಪಟ್ಟಿಯ ಮೇಲೇ ಇಟ್ಟರೆ ಸ್ವರ ಮಂಕಾಗುತ್ತದೆ. ಎಡಗೈ ಉಗುರು ಉದ್ದವಿದ್ದರೆ ಇದ್ಯಾವುದೂ ಆಗದು.

ಕಾರ್ಡ್ ಬದಲಿಸುವಾಗ ಬಲಗೈ ನಿಂತುಬಿಡುವುದೇ ದೊಡ್ಡ ತೊಡಕು. ತಾಳದ ಬಡಿತ ಕೊಡುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಡಿ. ಒಂದಕ್ಕೆ ಹೆಬ್ಬೆರಳಿನಿಂದ ಒಮ್ಮೆ ಮೀಟುವುದು. ಎರಡು, ಮೂರು, ನಾಲ್ಕು ಎಣಿಸುವಷ್ಟರಲ್ಲಿ ಎಡಗೈ ಮುಂದಿನ ಕಾರ್ಡ್‌ಗೆ ಸಾಗುವುದು. ಬೆರಳು ತಲುಪದಿದ್ದರೂ ಮೀಟಲೇಬೇಕು. ಬರಿ ತಂತಿಗಳ ಇ ಮೈನರ್‌ಗೂ ಸಿ, ಜಿ ಎರಡಕ್ಕೂ ಸಮಾನ ಸ್ವರಗಳಿರುವುದರಿಂದ ತಪ್ಪಿದರೂ ಕಿವಿಗೆ ಕರ್ಕಶವೆನಿಸುವುದಿಲ್ಲ, ಮಗುವಿಗೆ ಧೈರ್ಯ ಉಳಿಯುತ್ತದೆ. ಹತ್ತು ಮಂದಿ ನುಡಿಸುವಾಗ ಉಳಿದ ಹತ್ತು ಮಂದಿ ಸದ್ದಿಲ್ಲದೆ ಬೆರಳಷ್ಟೇ ಬದಲಿಸಲಿ, ನಾಲ್ಕು ಸಾಲಿಗೊಮ್ಮೆ ಪಾಳಿ ಬದಲಾಗಲಿ. ಆಗ ಸದ್ದು ಅರ್ಧಕ್ಕಿಳಿಯುತ್ತದೆ, ಯಾರ ಬೆರಳು ಎಲ್ಲಿ ತಪ್ಪುತ್ತಿದೆ ಎಂದು ನಿಮಗೂ ಕಾಣುತ್ತದೆ.