ಬಡಾವಣೆಯ ಹಿರಿಯರಿಗೂ ಅಲ್ಲಿನ ಹುಡುಗರಿಗೂ ಆಗಿಬರುವುದಿಲ್ಲ. ಏನು ಮಾಡಬಹುದು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಪಾರ್ಕಿನಲ್ಲಿ ಕ್ರಿಕೆಟ್, ಗಣೇಶನ ಹಬ್ಬದ ಮೈಕು, ಗೇಟಿಗೆ ಅಡ್ಡ ನಿಲ್ಲಿಸಿದ ಬೈಕು. ನೀವು ಬರೆದ ಮೂರೂ ಜಗಳ ನಮ್ಮಲ್ಲೂ ಆಗಿವೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಒಂದು ಕಾರ್ಯಕ್ರಮ ಮಾಡೋಣ ಅಂತಿದ್ದೇವೆ, ಹೇಗೆ ಮಾಡುವುದು ಅಂತ ಕೇಳಿದ್ದೀರಿ. ಕಾರ್ಯಕ್ರಮ ಬೇಡ. ನಾವು ಮಾಡಿ ನೋಡಿದ್ದೇವೆ.

ನಮ್ಮದು ಮೈಸೂರಿನ ಹಳೇ ಬಡಾವಣೆ. ಮನೆ ಕಟ್ಟಿಕೊಂಡವರಲ್ಲಿ ಜಾಸ್ತಿ ಜನ ರೈಲ್ವೆ, ಬ್ಯಾಂಕು, ಕಂದಾಯ ಇಲಾಖೆಯಲ್ಲಿ ದುಡಿದು ರಿಟೈರ್ ಆದವರು. ಮಕ್ಕಳೆಲ್ಲ ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾರೆ. ಪಾರ್ಕಿನಲ್ಲಿ ಆಡುವ ಹುಡುಗರು ಬಡಾವಣೆಯವರಲ್ಲ, ಪಕ್ಕದ ಹಳೇ ಊರಿನವರು. ಮೈಸೂರು, ಬೆಂಗಳೂರು ನೋಡಿದವರಿಗೆ ಇದು ಗೊತ್ತಿರುತ್ತದೆ. ಸುತ್ತ ಅಳತೆ ಹಾಕಿ ಬಿಟ್ಟ ರಸ್ತೆಗಳು, ನಡುವೆ ಇದ್ದಕ್ಕಿದ್ದಂತೆ ಒಂದು ಮಾರಮ್ಮನ ಗುಡಿ, ಅರಳಿಕಟ್ಟೆ, ಎರಡು ಬೈಕು ಎದುರುಬದುರಾದರೆ ಸಿಕ್ಕಿಕೊಳ್ಳುವ ಓಣಿ. ಅಲ್ಲಿನ ಹುಡುಗರನ್ನು ನಮ್ಮ ಹಿರಿಯರು 'ಹೊರಗಿನವರು' ಅನ್ನುತ್ತಿದ್ದರು. ಈ ಮಾತಿಗೆ ಮತ್ತೆ ಬರುತ್ತೇನೆ.

ಆಗ ನಾನು ಸಂಘದ ಕಾರ್ಯದರ್ಶಿ. ವಯಸ್ಸು 48, ಅಂದರೆ ಎರಡೂ ಕಡೆಯಿಂದ ಬೈಸಿಕೊಳ್ಳುವ ವಯಸ್ಸು. ಗಣೇಶನ ಹಬ್ಬದ ರಾತ್ರಿ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕು ಹಾಕುವ ಹಾಗಿಲ್ಲ ಅಂತ ಕೇಂದ್ರದ 2000ದ ಶಬ್ದಮಾಲಿನ್ಯ ನಿಯಮದಲ್ಲೇ ಇದೆ, ಕಾನೂನು ಹಿರಿಯರ ಕಡೆಯೇ ಇತ್ತು. ಮೈಕು ನಿಂತಿತು. ಮಾರನೇ ದಿನ 'ಪಾರ್ಕಿನಲ್ಲಿ ಆಟ ಆಡುವುದನ್ನು ನಿಷೇಧಿಸಲಾಗಿದೆ' ಅನ್ನುವ ನಮ್ಮ ಬೋರ್ಡು ಚರಂಡಿಯಲ್ಲಿತ್ತು.

ಅದನ್ನು ಸರಿಮಾಡೋಣ ಅಂತ ಅಕ್ಟೋಬರ್ 1ರಂದು ಹಿರಿಯರ ದಿನ ಮಾಡಿದೆವು. ಶಾಲು, ಹಾರ, ಮೂರು ಭಾಷಣ. ಹುಡುಗರನ್ನೂ ಕರೆದಿದ್ದೆವು. ಬಂದರು, ಕುರ್ಚಿ ಹಾಕಿದರು, ಕೇಸರಿಬಾತ್ ತಿಂದು ಹೋದರು. ಭಾಷಣ ಮಾಡಿದ ಮೂವರೂ 'ಇಂದಿನ ಯುವಕರು ಮೊಬೈಲಿನಲ್ಲಿ ಮುಳುಗಿದ್ದಾರೆ' ಅಂದರು. ಮುಳುಗಿದ್ದವರು ಆಗಲೇ ಗೇಟು ದಾಟಿದ್ದರು. ಆಮೇಲೆ ಎಲ್ಲರನ್ನೂ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಗುಡ್ ಮಾರ್ನಿಂಗ್ ಗುಲಾಬಿ, ರಾಜಕೀಯದ ಫಾರ್ವರ್ಡು. ಹುಡುಗರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು.

ನನಗೆ ಬುದ್ಧಿ ಬಂದಿದ್ದು ನವೆಂಬರಿನಲ್ಲಿ. ಪೆನ್ಷನ್ ತಗೊಳ್ಳುವವರ ಮನೆಯಲ್ಲಿ ನವೆಂಬರ್ ಅಂದರೆ ಏನು ಅಂತ ನಿಮಗೆ ಗೊತ್ತಿರಬಹುದು: ಬದುಕಿದ್ದೇನೆ ಅಂತ ಸರ್ಟಿಫಿಕೇಟ್ ಕೊಡಬೇಕು. ನಮ್ಮ ಎದುರುಮನೆಯವರು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ಬೆರಳಿನ ಗೆರೆ ಸವೆದುಹೋಗಿದೆ. ಎರಡು ಸಲ ಹೋದರೂ ಯಂತ್ರ ಅವರ ಬೆರಳನ್ನು ಒಪ್ಪಲಿಲ್ಲ. ಮುಖ ತೋರಿಸಿ ಮನೆಯಲ್ಲೇ ಮಾಡಬಹುದು ಅಂತ ನಾನು ಕೇಳಿದ್ದೆ, ಆದರೆ ಮಾಡಲು ಬರುತ್ತಿರಲಿಲ್ಲ. ಬೀದಿ ತುದಿಯಲ್ಲಿ ಬೈಕಿನ ಮೇಲೆ ಕೂತಿದ್ದ ಒಬ್ಬ ಹುಡುಗನನ್ನು ಕರೆದೆ. ಡಿಗ್ರಿ ಕೊನೇ ವರ್ಷ, ಇದೇ ತಾತನಿಂದ ವಾರಕ್ಕೊಮ್ಮೆ ಬೈಸಿಕೊಳ್ಳುತ್ತಿದ್ದವನು. ಅವನಿಗೂ ಗೊತ್ತಿರಲಿಲ್ಲ, ಆದರೆ ಐದು ನಿಮಿಷದಲ್ಲಿ ಹುಡುಕಿಕೊಂಡ. ಜೀವನ್ ಪ್ರಮಾಣ್ ಆ್ಯಪ್, ಜೊತೆಗೆ ಆಧಾರ್‌ನ ಮುಖ ಗುರುತಿಸುವ ಆ್ಯಪ್. ಆಧಾರ್ ನಂಬರ್, ಪಿಪಿಒ ಅಂದರೆ ಪೆನ್ಷನ್ ಆದೇಶದ ನಂಬರ್, ಬ್ಯಾಂಕ್ ಖಾತೆ, ಒಂದು ಓಟಿಪಿ. ಕೊನೆಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು. ತಾತ ಫೋಟೋಗೆ ಕೂತ ಹಾಗೆ ಕಣ್ಣು ಬಿಟ್ಟುಕೊಂಡು ಕೂತುಬಿಟ್ಟರು. "ತಾತ, ಕಣ್ಣು ಹೊಡೀರಿ" ಅಂದ ಹುಡುಗ. ಅಜ್ಜಿ ಅಡುಗೆಮನೆಯಿಂದ, "ಈ ವಯಸ್ಸಲ್ಲಿ ಯಾರಿಗೆ?" ಅಂದರು. ಆ ಮನೆಯಲ್ಲಿ ಅವನಿಗೆ ಸಿಕ್ಕ ಮೊದಲ ಕಾಫಿ ಅದು.

ಆ ತಿಂಗಳು ಅವನೂ ಅವನ ಇಬ್ಬರು ಸ್ನೇಹಿತರೂ ಸೇರಿ 14 ಮನೆಗೆ ಹೋದರು. ಒಂದು ಎಚ್ಚರ ಹೇಳಿಬಿಡುತ್ತೇನೆ. ಇಂಥ ಕೆಲಸ ಮಾಡಿಸುವಾಗ ಮನೆಯವರೊಬ್ಬರು ಪಕ್ಕದಲ್ಲಿ ಕೂತಿರಲಿ, ಓಟಿಪಿಯನ್ನು ಹಿರಿಯರೇ ಒತ್ತಲಿ. ಒಬ್ಬ ಅಜ್ಜಿ ತಮ್ಮ ಯುಪಿಐ ಪಿನ್ ಡೈರಿಯಲ್ಲಿ ಬರೆದುಕೋ ಅಂತ ಹುಡುಗನಿಗೇ ಕೊಟ್ಟರಂತೆ. ಅವನು ಡೈರಿ ಮುಚ್ಚಿ ವಾಪಸ್ ಕೊಟ್ಟು, ಯಾರಾದರೂ ಫೋನಿನಲ್ಲಿ ಮೋಸ ಮಾಡಿದರೆ ತಕ್ಷಣ 1930ಕ್ಕೆ ಫೋನ್ ಮಾಡಿ ಅಂತ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದುಬಂದ.

ಆದರೆ ಇಷ್ಟಕ್ಕೇ ನಿಂತಿದ್ದರೆ ಅದು ಬರೀ ಸೇವೆ ಆಗುತ್ತಿತ್ತು. ಸೇವೆ ಎರಡು ತಿಂಗಳಿಗೆ ಸಾಕಾಗಿಬಿಡುತ್ತದೆ, ಮಾಡುವವರಿಗೂ, ಮಾಡಿಸಿಕೊಳ್ಳುವವರಿಗೂ. ಹುಡುಗರಿಗೂ ಹಿರಿಯರಿಂದ ಏನಾದರೂ ಬೇಕಾಗಬೇಕು. ಅದು ನೀತಿಪಾಠ ಅಲ್ಲ, ಕೈಗೆ ಸಿಗುವಂಥದ್ದು.

ನಮ್ಮಲ್ಲಿ ಅದು ಪಹಣಿ ರೂಪದಲ್ಲಿ ಬಂತು. ಆ ಹುಡುಗನ ಮನೆಯವರಿಗೆ ಭೂಸ್ವಾಧೀನದಲ್ಲಿ ಹೋಗಿ ಉಳಿದ 18 ಗುಂಟೆ ಜಮೀನಿದೆ. ಅದಿನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇತ್ತು. ಅವರಪ್ಪ ಬ್ರೋಕರ್ ಒಬ್ಬನಿಗೆ ದುಡ್ಡು ಕೊಟ್ಟು ಎರಡು ವರ್ಷ ಅಲೆದಿದ್ದರು. ಕಾಫಿ ಕುಡಿಯುವಾಗ ಈ ಮಾತು ಬಂತು. ರೈಲ್ವೆ ತಾತ ಅವನನ್ನು ಪಕ್ಕದ ಮನೆಗೆ ಕರೆದುಕೊಂಡು ಹೋದರು. ಅಲ್ಲಿರುವವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು. ಕೇಳುವವರೇ ಇಲ್ಲದೆ ಪೇಪರನ್ನು ಜಾಹೀರಾತಿನ ಸಮೇತ ಓದಿ ಮುಗಿಸುತ್ತಿದ್ದರು. "ಇದು ಪೌತಿ ಖಾತೆ ಕಣೋ, ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಮಾಡಿಸೋದು, ಇದಕ್ಕೆ ಬ್ರೋಕರ್ ಯಾಕೆ?" ಅಂದರು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ನಾಡಕಚೇರಿಗೆ ಒಂದು ಅರ್ಜಿ. ಹಳೇ ಕೈಬರಹದ ಪಹಣಿ ಆ ಹುಡುಗನಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಇವರು ಕನ್ನಡಕ ಏರಿಸಿ ಹಾಡಿನ ಹಾಗೆ ಓದಿದರಂತೆ. ಓದುತ್ತಾ ಓದುತ್ತಾ ಒಂದು ಸರ್ವೆ ನಂಬರಿನ ಹತ್ತಿರ ನಿಂತರು. ಆ ನಂಬರ್ ಅವರ ಸ್ವಂತ ಸೈಟಿನ ಕ್ರಯಪತ್ರದಲ್ಲೂ ಇತ್ತು. ಅವರು ಮನೆ ಕಟ್ಟಿದ್ದು ಈ ಹುಡುಗನ ತಾತ ರಾಗಿ ಬೆಳೆದಿದ್ದ ಹೊಲದಲ್ಲಿ.

ಈ ಸಂಗತಿಯನ್ನು ಅವರು ಮುಂದಿನ ಸಂಘದ ಸಭೆಯಲ್ಲಿ ಹೇಳಿದರು. ಯಾರೋ 'ಹೊರಗಿನ ಹುಡುಗರು' ಅಂದಾಗ, "ಹೊರಗಿಂದ ಬಂದವರು ನಾವು ಸ್ವಾಮಿ" ಅಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರಂತೂ ಎದ್ದೇ ಹೋದರು. ಆದರೆ ಅವತ್ತಿನಿಂದ ಆ ಪದ ನಮ್ಮ ಸಭೆಯಲ್ಲಿ ಮತ್ತೆ ಕೇಳಿಲ್ಲ. ಖಾತೆ ಬದಲಾಗಲು ಇನ್ನೂ ಕೆಲವು ತಿಂಗಳು ಹಿಡಿಯಿತು, ಆದರೆ ಆಯಿತು.

ಮುಂದಿನ ಗಣೇಶನ ಹಬ್ಬಕ್ಕೆ ಹುಡುಗರೇ ಬಂದು, ಚಂದಾ ಲೆಕ್ಕ ಬರೆಯುವುದಕ್ಕೆ ಬ್ಯಾಂಕಿನ ಅಂಕಲ್‌ನ ಕಳಿಸಿ ಅಂತ ಕೇಳಿದರು. ಚಂದಾ ದುಡ್ಡಲ್ಲಿ ಕುಡೀತಾರೆ ಅನ್ನುವ ಗುಸುಗುಸು ಅವರ ಕಿವಿಗೂ ಬಿದ್ದಿತ್ತು, ಅವರಿಗೂ ಅದು ಬೇಕಿರಲಿಲ್ಲ. ನಿವೃತ್ತ ಮ್ಯಾನೇಜರರು ಪೆಂಡಾಲಿನ ಮುಂದೆ ಕರಿಹಲಗೆ ಇಟ್ಟು, ಹೂವಿಗೆ ಎಷ್ಟು, ಜನರೇಟರಿಗೆ ಎಷ್ಟು ಅಂತ ದಿನಾ ಬರೆದರು. ಮೈಕು ಎಷ್ಟು ಗಂಟೆಗೆ ನಿಲ್ಲಿಸಬೇಕು ಅಂತ ಆ ವರ್ಷ ಯಾರೂ ಕಾನೂನು ಹೇಳಲಿಲ್ಲ. ಲೆಕ್ಕ ಬರೆಯುವವರಿಗೆ ಒಂಬತ್ತೂವರೆಗೆ ನಿದ್ದೆ ಬರುತ್ತಿತ್ತು, ಅಷ್ಟು ಹೊತ್ತಿಗೆ ಆಫ್.

ಹೆಣ್ಣುಮಕ್ಕಳ ವಿಷಯ ನಿಮ್ಮ ಪ್ರಶ್ನೆಯಲ್ಲಿ ಇಲ್ಲವೇ ಇಲ್ಲ. ನಾನೂ ಮೊದಲು ಮರೆತಿದ್ದೆ. ಪಾರ್ಕಿನಲ್ಲಿ ಕಾಣುವುದಿಲ್ಲ ಅಂದರೆ ಊರಲ್ಲೇ ಇಲ್ಲ ಅಂತಲ್ಲವಲ್ಲ. ಅವರು ಬಂದದ್ದು ದಸರಾ ಗೊಂಬೆಗೆ. ಅಟ್ಟದಿಂದ ಪೆಟ್ಟಿಗೆ ಇಳಿಸಿ, ಮೆಟ್ಟಿಲು ಜೋಡಿಸಿ, ಪಟ್ಟದ ಗೊಂಬೆ ಕೂರಿಸಲು ಅಜ್ಜಿಯರಿಗೆ ಕೈಲಾಗುತ್ತಿರಲಿಲ್ಲ. ಈಗ ಹಬ್ಬ ಮುಗಿದ ಮೇಲೂ ಒಂದು ಜಗಲಿಯಲ್ಲಿ ಭಾನುವಾರ ಚೌಕಾಬಾರ ನಡೆಯುತ್ತದೆ. ನಾಲ್ಕು ಕವಡೆಯೂ ಬೋರಲಾಗಿ ಬಿದ್ದು ಬಾರ ಬಂದರೆ ಆ ಕೂಗು ನಮ್ಮ ಮನೆಗೆ ಕೇಳಿಸುತ್ತದೆ. 81 ವರ್ಷದ ಅಜ್ಜಿ ಮೋಸ ಮಾಡುತ್ತಾರೆ ಅಂತ ಹುಡುಗಿಯರ ದೂರು. ನಿಜ, ಮಾಡುತ್ತಾರೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಕಾರ್ಯಕ್ರಮದ ದುಡ್ಡು ಉಳಿಸಿ. ಒಂದು ನೋಟ್ ಬುಕ್ ತಗೊಂಡು ಮನೆಮನೆಗೆ ಹೋಗಿ. ಯಾರಿಗೆ ಏನು ಕೆಲಸ ಬಾಕಿ ಇದೆ, ಯಾರಿಗೆ ಏನು ಬರುತ್ತದೆ, ಎರಡನ್ನೂ ಬರೆದುಕೊಳ್ಳಿ. ಹುಡುಗರ ಮನೆಗೂ ಹೋಗಿ, ಅದನ್ನು ಯಾರೂ ಮಾಡುವುದಿಲ್ಲ. ಒಬ್ಬರ ಬಾಗಿಲನ್ನು ಇನ್ನೊಬ್ಬರು ತಟ್ಟುವುದಕ್ಕೆ ಒಂದು ನೆಪ ಬೇಕು, ಆ ನೆಪ ಹುಡುಕುವುದಷ್ಟೇ ನಿಮ್ಮ ಕೆಲಸ. ಸಿಕ್ಕಿದ ಮೇಲೆ ನೀವು ಮಧ್ಯದಲ್ಲಿ ಇರಬೇಡಿ. ನಾನು ಎರಡು ಸಲ ವಿಚಾರಿಸಲು ಹೋಗಿ ಮಾತು ಕೆಡಿಸಿದ್ದೇನೆ.

ಎಲ್ಲವೂ ಸರಿಹೋಯಿತು ಅಂದುಕೊಳ್ಳಬೇಡಿ. ಕ್ರಿಕೆಟ್ ಈಗ ಸಂಜೆ ನಾಲ್ಕೂವರೆಯಿಂದ ಆರು, ಟೆನಿಸ್ ಬಾಲ್ ಮಾತ್ರ. ಆರರ ನಂತರ ಪಾರ್ಕು ವಾಕಿಂಗ್ ಮಾಡುವವರದ್ದು. ಸಭೆಯಿಂದ ಎದ್ದುಹೋದ ಮೂಲೆಮನೆಯವರು ಮಾತ್ರ ಕಾಂಪೌಂಡಿಗೆ ಬಿದ್ದ ಚೆಂಡನ್ನು ಇವತ್ತಿಗೂ ವಾಪಸ್ ಕೊಡುವುದಿಲ್ಲ. ಹುಡುಗರು ಈಗ ಜಗಳ ಮಾಡುವುದಿಲ್ಲ. ಆ ಕಡೆ ಹೊಡೆದರೆ ಔಟ್ ಅಂತ ರೂಲ್ ಮಾಡಿಕೊಂಡಿದ್ದಾರೆ.