ಅಂಗಳದ ಮಾತು: ಅಂಗನವಾಡಿ ಟೀಚರ್‌ಗಳ ಪ್ರಶ್ನೆಗೆ ಉತ್ತರ

ಈ ಸಲ ಬಂದ ನಾಲ್ಕು ಪತ್ರಗಳಲ್ಲಿ ಮೂರು ಅಂಗನವಾಡಿ ಟೀಚರ್‌ಗಳದ್ದು, ಒಂದು ತಂದೆಯೊಬ್ಬರದ್ದು. ಉತ್ತರ ಕೊಟ್ಟಿರುವವರು 11 ವರ್ಷ ಅಂಗನವಾಡಿ ಟೀಚರ್ ಆಗಿದ್ದು, ಆಮೇಲೆ ಮೇಲ್ವಿಚಾರಕಿಯಾಗಿ ನಿವೃತ್ತರಾದವರು. ಈಗ ಹೊಸ ಟೀಚರ್‌ಗಳಿಗೆ ತರಬೇತಿ ಕೊಡುತ್ತಿದ್ದಾರೆ.

ಪ್ರಶ್ನೆ: ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಹುಡುಗನಿಗೆ ಮೂರೂವರೆ ವರ್ಷ. ‘ಅಮ್ಮ’, ‘ನೀಯು’, ‘ಬಾ’ ಬಿಟ್ಟರೆ ಮಾತಿಲ್ಲ. ‘ನಿಮ್ಮ ಮಗೂಗೆ ಮಾತು ಬರ್ತಿಲ್ಲ, ಡಾಕ್ಟರಿಗೆ ತೋರಿಸಿ’ ಅಂತ ತಾಯಿಗೆ ಹೇಳಿದೆ. ‘ನನ್ನ ಮಗ ಮೂಗ ಅಂತೀರಾ?’ ಅಂತ ಜಗಳಕ್ಕೇ ಬಂದರು. ಅಜ್ಜಿಯೂ ‘ಇವನಪ್ಪ ಮಾತಾಡಿದ್ದೂ ಐದು ವರ್ಷಕ್ಕೇ’ ಅಂದರು. ಆರು ದಿನದಿಂದ ಮಗುವನ್ನು ಕಳಿಸುತ್ತಿಲ್ಲ. ಒಳ್ಳೆಯದಕ್ಕೇ ಹೇಳಿದ್ದೆ. ನಾನು ಎಲ್ಲಿ ತಪ್ಪಿದೆ?
(ಅಂಗನವಾಡಿ ಟೀಚರ್, ಗುಂಡ್ಲುಪೇಟೆ ತಾಲ್ಲೂಕು)

ಉತ್ತರ: ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ಎರಡು ವರ್ಷಕ್ಕೆ ಮಕ್ಕಳು ‘ಅಮ್ಮ ಬಾ’, ‘ಹಾಲು ಬೇಡ’ ಅಂತ ಎರಡು ಪದ ಜೋಡಿಸುತ್ತಾರೆ. ಮೂರು ದಾಟುವ ಹೊತ್ತಿಗೆ ಪುಟ್ಟ ವಾಕ್ಯ ಬರಬೇಕು, ಹೊರಗಿನವರಿಗೂ ಬಹುಪಾಲು ಅರ್ಥವಾಗಬೇಕು. ಮೂರೂವರೆಗೆ ಮೂರೇ ಪದ ಅಂದರೆ ಸುಮ್ಮನೆ ಕಾಯುವ ಹಾಗಿಲ್ಲ. ಹಾಗಾಗಿ ‘ನಾನು ಹೇಳಲೇಬಾರದಿತ್ತೇನೋ’ ಅನ್ನುವ ಯೋಚನೆ ಬಿಡಿ.

ಎಲ್ಲಿ ನಿಂತು ಹೇಳಿದಿರಿ ಅಂತ ನೀವು ಬರೆದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವ ಹೊತ್ತಿಗೆ, ಬಾಗಿಲಲ್ಲಿ, ನಾಲ್ಕು ಜನ ತಾಯಂದಿರ ಎದುರಿಗೇ ಹೇಳಿರಬಹುದು ಅಂತ ನನ್ನ ಅಂದಾಜು. ಯಾಕೆ ಅಂದರೆ ನಾನೂ ಹಾಗೇ ಮಾಡಿದ್ದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ತೂಕ ಮಾಡುವ ದಿನ. ಒಂದು ಹೆಣ್ಣುಮಗುವಿನ ತೂಕ ಚಾರ್ಟಿನಲ್ಲಿ ಕೆಳಗಿನ ಗೆರೆಗೆ ಇಳಿದಿತ್ತು. ‘ಏನವ್ವ, ಮಗೂಗೆ ಊಟ ಕೊಡಲ್ವಾ?’ ಅಂತ ಎಲ್ಲರ ಎದುರಿಗೆ ಕೇಳಿಬಿಟ್ಟೆ. ಆ ತಾಯಿ ಏನೂ ಮಾತಾಡಲಿಲ್ಲ. ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಹೋದವರು ಎರಡು ತಿಂಗಳು ಬರಲಿಲ್ಲ. ಗಂಡ ಹಾಸಿಗೆ ಹಿಡಿದಿದ್ದ, ಇವರು ಬೆಳಿಗ್ಗೆ ಆರಕ್ಕೆ ಕೂಲಿಗೆ ಹೊರಡುತ್ತಿದ್ದರು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಒಂದು ಸಲ ಅವರ ಮನೆ ಹೊಸ್ತಿಲು ತುಳಿದಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಆ ಎರಡು ತಿಂಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಮಗುವಿಗೆ ಊಟ ಬೇಕಾಗಿದ್ದದ್ದೇ ಆಗ.

ಹಾಗಾಗಿ ನೀವು ಈ ವಾರವೇ ಅವರ ಮನೆಗೆ ಹೋಗಿ. ಕೈಯಲ್ಲಿ ರಿಜಿಸ್ಟರ್ ಬೇಡ. ಅವರು ಕೆಲಸದಿಂದ ಬಂದು, ಮುಖ ತೊಳೆದು ಕೂತಿರುವ ಹೊತ್ತು ನೋಡಿಕೊಳ್ಳಿ. ಹುಡುಗ ಕೇಂದ್ರದಲ್ಲಿ ಮಾಡಿದ ಮಣ್ಣಿನ ಎತ್ತೋ, ಗೀಚಿದ ಚಿತ್ರವೋ ಇದ್ದರೆ ತೆಗೆದುಕೊಂಡು ಹೋಗಿ. ‘ಇವನಿಲ್ಲದೆ ಮಕ್ಕಳು ಕೇಳ್ತಾವೆ ಕಣವ್ವ, ನಾಳೆ ಕಳಿಸು’ ಅನ್ನಿ. ‘ಅವತ್ತು ಎಲ್ಲರ ಮುಂದೆ ಅಂದುಬಿಟ್ಟೆ, ಬೇಜಾರು ಮಾಡ್ಕೋಬೇಡ’ ಅಂತಲೂ ಹೇಳಿ. ಮೊದಲ ದಿನ ಅಷ್ಟೇ ಸಾಕು. ಮಾತಿನ ವಿಷಯ ಎತ್ತಬೇಡಿ.

ಮಗು ಮತ್ತೆ ಬರಲು ಶುರು ಮಾಡಿದ ಮೇಲೆ, ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಿ. ‘ಮಾತು ಬರಲ್ಲ’ ಅನ್ನುವುದು ತೀರ್ಪು. ತೀರ್ಪು ಕೇಳಿದ ತಾಯಿ ಮಗುವಿನ ಪರ ವಾದ ಮಾಡುತ್ತಾಳೆ, ಮಾಡಲೇಬೇಕು. ಅದರ ಬದಲು ಹೀಗೆ ಹೇಳಿ ನೋಡಿ: ‘ಇವತ್ತು ನೀರು ಬೇಕು ಅಂತ ಲೋಟ ತಂದು ನನ್ನ ಕೈಗಿಟ್ಟ. ಹಿಂದಿನಿಂದ ನಾಲ್ಕು ಸಲ ಹೆಸರು ಕರೆದೆ, ಒಂದೇ ಸಲ ತಿರುಗಿದ. ಮನೇಲಿ ಹೇಗವ್ವ? ಟಿವಿ ಸೌಂಡು ಜಾಸ್ತಿ ಇಡ್ತಾನಾ?’ ಆಮೇಲೆ ನೀವು ಸುಮ್ಮನಿರಿ. ಇದು ಕಷ್ಟ ಅಂತ ನನಗೆ ಗೊತ್ತು, ನಮಗೆಲ್ಲ ಮಾತಾಡಿಯೇ ಅಭ್ಯಾಸ. ಆದರೆ ಹತ್ತರಲ್ಲಿ ಎಂಟು ತಾಯಂದಿರು ಆ ಮೌನದಲ್ಲೇ ಬಾಯಿ ಬಿಡುತ್ತಾರೆ. ‘ನನಗೂ ಹಂಗೇ ಅನ್ನಿಸ್ತಿತ್ತು ಮಿಸ್’ ಅಂತ ಅವರೇ ಹೇಳುತ್ತಾರೆ. ನಿಮಗಿಂತ ಮೊದಲೇ ಅವರು ನೋಡಿರುತ್ತಾರೆ. ರಾತ್ರಿಯೆಲ್ಲ ಅದನ್ನೇ ನೆನೆದು ಹೆದರಿರುತ್ತಾರೆ.

ಅಜ್ಜಿಯ ಜೊತೆ ವಾದ ಬೇಡ. ಅವರು ಹೇಳಿದ್ದು ನಿಜವೇ ಇರಬಹುದು. ‘ಆಗ ಕಿವಿ ಪರೀಕ್ಷೆ ಮಾಡೋರು ಹತ್ತಿರದಲ್ಲಿ ಇರಲಿಲ್ಲ ಅಲ್ವಾ ಅಜ್ಜಿ, ಈಗ ಇದಾರೆ. ಒಂದು ಸಲ ತೋರಿಸಿಬಿಟ್ರೆ ನಿಮಗೂ ನೆಮ್ಮದಿ’ ಅನ್ನಿ. ಮಾತು ತಡವಾದ ಮಗುವಿಗೆ ಮೊದಲು ನೋಡಬೇಕಾದದ್ದು ಕಿವಿಯೇ. ಮೇಲಿಂದ ಮೇಲೆ ಕಿವಿ ಸೋರುವ ಮಕ್ಕಳಿಗೂ ಸರಿಯಾಗಿ ಕೇಳಿಸದೆ ಮಾತು ಹಿಂದೆ ಬೀಳುತ್ತದೆ. ‘ಕಿವಿ ತೋರಿಸೋಣ’ ಅನ್ನುವುದು ಮನೆಯವರಿಗೆ ಒಪ್ಪಿಕೊಳ್ಳಲು ಸುಲಭ, ವೈದ್ಯರ ದಾರಿಯೂ ಅದೇ. ‘ಆಟಿಸಂ’, ‘ಬುದ್ಧಿ ಕಮ್ಮಿ’ ಅನ್ನುವ ಮಾತು ಮಾತ್ರ ನಿಮ್ಮ ಬಾಯಿಂದ ಬರಲೇಬಾರದು. ಅದನ್ನು ಹೇಳುವ ಕೆಲಸ ನಮ್ಮದಲ್ಲ.

ಎಲ್ಲಿಗೆ ಕಳಿಸುವುದು? ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆದರೆ ಅದಕ್ಕಾಗಿ ಕಾಯಬೇಡಿ. ಆಶಾ ಕಾರ್ಯಕರ್ತೆಯ ಜೊತೆ ಮಾತಾಡಿ, ಜಿಲ್ಲಾಮಟ್ಟದಲ್ಲಿ ಡಿಇಐಸಿ ಅನ್ನುವ ಮಕ್ಕಳ ಕೇಂದ್ರಕ್ಕೆ ಕಳಿಸಬಹುದು. ನಿಮಗೆ ಇನ್ನೊಂದು ಅನುಕೂಲ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಗುಂಡ್ಲುಪೇಟೆಯಿಂದ ಸುಮಾರು 60 ಕಿಲೋಮೀಟರ್. ದೂರದ ರಾಜ್ಯಗಳಿಂದಲೂ ಮಕ್ಕಳನ್ನು ಅಲ್ಲಿಗೆ ಕರೆತರುತ್ತಾರೆ. ‘ಮೈಸೂರಿಗೆ ಹೋಗಿ’ ಅಂತ ಹೇಳಿ ಬಿಟ್ಟರೆ ಯಾರೂ ಹೋಗುವುದಿಲ್ಲ. ಯಾವ ಬಸ್ಸು, ಎಷ್ಟು ಹೊತ್ತಿಗೆ, ಯಾವ ಕಾಗದ ಬೇಕು, ಆ ದಿನದ ಕೂಲಿ ಹೋದರೆ ಏನು ಗತಿ, ಇಷ್ಟನ್ನೂ ಅವರ ಜೊತೆ ಕೂತು ಲೆಕ್ಕ ಹಾಕಿ. ಹೋಗಿ ಬಂದ ಸಂಜೆ ‘ಏನಂದ್ರವ್ವ?’ ಅಂತ ವಿಚಾರಿಸಿ.

ಮನೆ ಭೇಟಿ ಅಂದರೆ ರಿಜಿಸ್ಟರ್ ತುಂಬಿಸುವ ಕೆಲಸ ಅಂತ ಎಷ್ಟೋ ಜನ ಟೀಚರ್‌ಗಳು ಅಂದುಕೊಂಡಿದ್ದಾರೆ. ಆದರೆ ಅಂಗನವಾಡಿ ಹುಟ್ಟಿದ್ದೇ ಮನೆ ಅಂಗಳದಲ್ಲಿ. 1945ರಲ್ಲಿ ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಾಲವಾಡಿ (ಪುಟ್ಟ ಮಕ್ಕಳ ಶಾಲೆ) ಕೆಲಸ ಶುರು ಮಾಡಿದರು. ಅವರ ಜೊತೆಗೆ ಶಿಕ್ಷಕಿ ಅನುತಾಯಿ ವಾಘ್ ಇದ್ದರು. ಬಡ ಮಕ್ಕಳು ಶಾಲೆಯ ತನಕ ಬರುತ್ತಿರಲಿಲ್ಲ. ಇವರೇ ಮಕ್ಕಳ ಕೇರಿಗಳಿಗೆ ಹೋಗಿ ಮನೆ ಮುಂದಿನ ಅಂಗಳದಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ‘ಅಂಗನ’ ಅಂದರೆ ನಮ್ಮ ಅಂಗಳವೇ. 1975ರ ಅಕ್ಟೋಬರ್ 2ರಂದು ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದಾಗ ಸರ್ಕಾರ ಆ ಹೆಸರನ್ನೇ ಇಟ್ಟುಕೊಂಡಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ನಿಮ್ಮ ಪಕ್ಕದ ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ.

ಪ್ರಶ್ನೆ: ‘ಅಂಗನವಾಡ್ಯಾಗ ಬರೇ ಹಾಡು, ಆಟ. ಎಬಿಸಿಡಿ ಬರಸೂದಿಲ್ಲ’ ಅಂತ ಹೇಳಿ ತಾಯಂದಿರು ಮಕ್ಕಳನ್ನು ಬಿಡಿಸಿ ಕಾನ್ವೆಂಟಿನ ಎಲ್‌ಕೆಜಿಗೆ ಹಾಕುತ್ತಿದ್ದಾರೆ. ಆಟದಿಂದಲೇ ಕಲಿಕೆ ಅಂತ ಎಷ್ಟು ಹೇಳಿದರೂ ತಲೆಗೆ ಹೋಗುತ್ತಿಲ್ಲ.
(ಅಂಗನವಾಡಿ ಟೀಚರ್, ಹಾವೇರಿ ಜಿಲ್ಲೆ)

ಉತ್ತರ: ‘ತಲೆಗೆ ಹೋಗುತ್ತಿಲ್ಲ’ ಅನ್ನುವ ಮಾತನ್ನು ಮೊದಲು ಬಿಡೋಣ. ಆ ತಾಯಿಯ ಭಯದಲ್ಲಿ ನ್ಯಾಯ ಇದೆ. ತಾನು ಓದಲಾಗಲಿಲ್ಲ, ಮಗಳು ಹಿಂದೆ ಬೀಳಬಾರದು ಅನ್ನುವ ಆಸೆಯಿಂದಲೇ ಆಕೆ ಸಾಲ ಮಾಡಿ ಫೀಸು ಕಟ್ಟುತ್ತಾಳೆ. ಆ ಆಸೆಯನ್ನು ಗೌರವಿಸಿ ಮಾತು ಶುರು ಮಾಡಿ.

ಆಮೇಲೆ, ಹೇಳುವುದನ್ನು ಕಡಿಮೆ ಮಾಡಿ, ತೋರಿಸುವುದನ್ನು ಜಾಸ್ತಿ ಮಾಡಿ. ತಾಯಂದಿರ ಸಭೆಯಲ್ಲಿ ಭಾಷಣ ಬೇಡ. ಮುಂದಿನ ಸಭೆಯನ್ನು ಮಕ್ಕಳು ಇರುವ ಹೊತ್ತಿಗೇ ಇಟ್ಟುಕೊಳ್ಳಿ. ನಾಲ್ಕು ವರ್ಷದ ಮಗುವಿನ ಮುಂದೆ ಹುಣಸೆಬೀಜ ಸುರಿದು ‘ಐದು ಮಂದಿಗೆ ಎರಡೆರಡು ಕೊಡು’ ಅನ್ನಿ. ಮಗು ಹಂಚುವುದನ್ನು ತಾಯಿ ನೋಡಲಿ. ‘ಇದು ಗುಣಾಕಾರ’ ಅಂತ ಆಗ ಹೇಳಿ. ಮಣ್ಣು ನಾದುವುದು, ಮಣಿ ಪೋಣಿಸುವುದು, ಅವರೆಕಾಯಿ ಬಿಡಿಸುವುದು ಯಾಕೆ ಅಂತಲೂ ಹೇಳಿ. ಬೆರಳಿಗೆ ಬಲ ಬರದೆ ಪೆನ್ಸಿಲ್ ಹಿಡಿಸಿದರೆ ಕೈ ನೋಯುತ್ತದೆ, ಬರೆಯುವುದೇ ಬೇಡ ಅನ್ನಿಸುತ್ತದೆ. ತಾಯಂದಿರ ಕೈಗೇ ಮಣಿ, ದಾರ ಕೊಟ್ಟು ನೋಡಿ, ಅರ್ಧ ಗಂಟೆಯಲ್ಲಿ ನಗುತ್ತಾ ಮಾತಿಗೆ ಬರುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ ಅಂತ ಮಾಡಿದೆ. ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷಕ್ಕೆ ಮೊದಲೇ ಆಗುತ್ತದೆ ಅಂತಲೂ ಅದರಲ್ಲಿದೆ. ಇದನ್ನು ಮನೆಯ ಗಂಡಸರಿಗೆ ಹೇಳಿ. ಫೀಸು ಕಟ್ಟುವ ತೀರ್ಮಾನ ಹೆಚ್ಚಾಗಿ ಅವರದೇ, ಅವರು ತಾಯಂದಿರ ಸಭೆಗೆ ಬರುವುದಿಲ್ಲ.

ಇನ್ನೊಂದು ಮಾತು ನಿಷ್ಠುರವಾಗಿ ಹೇಳುತ್ತೇನೆ. ದಿನವಿಡೀ ಮಕ್ಕಳನ್ನು ಸುಮ್ನೆ ಕೂರಿಸಿ, ಊಟ ಹಾಕಿ ಕಳಿಸುವ ಕೇಂದ್ರಗಳೂ ಇವೆ. ಅಂಥ ಕಡೆ ತಾಯಂದಿರು ಬಿಡಿಸಿಕೊಂಡು ಹೋದರೆ ನಾನು ತಾಯಂದಿರ ಪರವೇ ನಿಲ್ಲುತ್ತೇನೆ.

ಪ್ರಶ್ನೆ: ನನ್ನ ಮಗಳ ಅಂಗನವಾಡಿಯ ಟೀಚರ್ ಯಾವಾಗ ನೋಡಿದರೂ ಮೊಬೈಲ್ ಹಿಡಿದಿರುತ್ತಾರೆ. ಕೇಳಿದರೆ ತಪ್ಪಾಗುತ್ತದಾ?
(ಒಬ್ಬ ತಂದೆ, ತುಮಕೂರು)

ಉತ್ತರ: ಕೇಳಿ, ತಪ್ಪೇನೂ ಇಲ್ಲ. ಆದರೆ ಅದು ಬಹುಪಾಲು ಕೆಲಸವೇ ಆಗಿರುತ್ತದೆ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಿದೆ. ಹಾಜರಿ, ತೂಕ, ಎತ್ತರ ಎಲ್ಲವನ್ನೂ ಅದರಲ್ಲೇ ತುಂಬಬೇಕು. 2025ರ ಜುಲೈನಿಂದ ಮನೆಗೆ ಕೊಡುವ ಆಹಾರಕ್ಕೆ, ಅದನ್ನು ಪಡೆಯುವವರ ಮುಖದ ಫೋಟೊ ಕೂಡ ಹೊಂದಿಸಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಅದಕ್ಕೇ ಅರ್ಧ ದಿನ ಹೋಗುತ್ತದೆ. ‘ಮೇಡಂ, ಆ್ಯಪಿನ ಕೆಲಸ ಎಷ್ಟಿರುತ್ತೆ?’ ಅಂತ ಕೇಳಿ, ಮಾತು ಅಲ್ಲಿಂದ ಬೆಳೆಯುತ್ತದೆ. ಟೀಚರ್‌ಗಳಿಗೂ ಒಂದು ಮಾತು: ಫೋನಿನಲ್ಲಿ ಏನು ಮಾಡುತ್ತಿದ್ದೀರಿ ಅಂತ ತಂದೆ ತಾಯಂದಿರಿಗೆ ನೀವೇ ಒಂದು ಸಲ ತೋರಿಸಿಬಿಡಿ. ಅವರ ಮಗುವಿನ ತೂಕದ ಗೆರೆ ಅದರಲ್ಲೇ ಇದೆಯಲ್ಲ.

ಪ್ರಶ್ನೆ: ನಮ್ಮ ಕೇಂದ್ರದ ಮಾಡು ಎರಡು ಮಳೆಗಾಲದಿಂದ ಸೋರುತ್ತಿದೆ. ಪಂಚಾಯಿತಿ ಸದಸ್ಯರಿಗೆ ಮೂರು ಸಲ ಬಾಯಲ್ಲಿ ಹೇಳಿದೆ. ‘ನೋಡೋಣ’ ಅಂದರು. ಗ್ರಾಮಸಭೆಯಲ್ಲಿ ಎದ್ದು ಮಾತಾಡಲು ನನಗೆ ಭಯ, ಕಾಲು ನಡುಗುತ್ತದೆ.
(ಅಂಗನವಾಡಿ ಟೀಚರ್, ಮೂಡಿಗೆರೆ ತಾಲ್ಲೂಕು)

ಉತ್ತರ: ಕಾಲು ನಡುಗುವುದು ನಿಲ್ಲಲಿ ಅಂತ ಕಾಯಬೇಡಿ. ನಡುಗುತ್ತಲೇ ಹೇಳಬಹುದು. ಆದರೆ ನೀವೊಬ್ಬರೇ ಹೇಳಬೇಕಾಗಿಲ್ಲ.

ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಇವತ್ತಿನಿಂದ ಒಂದು ನೋಟ್ ಪುಸ್ತಕದಲ್ಲಿ ಬರೆಯುತ್ತಾ ಹೋಗಿ: ಯಾವ ದಿನ ಮಳೆ ಬಂತು, ಎಲ್ಲಿ ಸೋರಿತು, ಎಷ್ಟು ಮಕ್ಕಳನ್ನು ಯಾವ ಮೂಲೆಗೆ ಕೂರಿಸಿದಿರಿ, ಯಾವ ದಿನ ಅಡುಗೆ ಮಾಡಲಾಗಲಿಲ್ಲ, ಎಷ್ಟು ಅಕ್ಕಿ ನೆನೆಯಿತು. ಫೋಟೊ ತೆಗೆಯಿರಿ. ‘ಮಾಡು ಸೋರುತ್ತೆ’ ಅಂದರೆ ‘ನೋಡೋಣ’ ಅನ್ನುತ್ತಾರೆ. ‘ಜುಲೈನಲ್ಲಿ ಒಂಬತ್ತು ದಿನ ಹದಿನೆಂಟು ಮಕ್ಕಳು ನಿಂತುಕೊಂಡೇ ಊಟ ಮಾಡಿದರು’ ಅಂದರೆ ಹಾಗೆ ಅನ್ನುವುದು ಕಷ್ಟ.

ಆಮೇಲೆ ತಾಯಂದಿರೂ ಊರಿನವರೂ ಇರುವ, ನಿಮ್ಮ ಕೇಂದ್ರದ ಬಾಲವಿಕಾಸ ಸಮಿತಿಯ ಸಭೆ ಕರೆಯಿರಿ. ಬಹಳ ಕಡೆ ಈ ಸಮಿತಿ ಸಹಿ ಹಾಕುವುದಕ್ಕಷ್ಟೇ ಇದೆ. ಹಾಗಾಗಬಾರದು, ನಿಮಗೆ ಇರುವ ದೊಡ್ಡ ಬಲವೇ ಅದು. ಸಮಿತಿಯಲ್ಲಿ ನಿರ್ಣಯ ಬರೆದು, ತಾಯಂದಿರು ಸಹಿ ಹಾಕಲಿ, ಹೆಬ್ಬೆಟ್ಟಾದರೂ ಸರಿ. ಅದರ ಜೊತೆ ಪಿಡಿಓಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅರ್ಜಿ ಕೊಡಿ, ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೂ ಒಂದು ಪ್ರತಿ ಹೋಗಲಿ. ಅರ್ಜಿ ಎರಡು ಪ್ರತಿ ಮಾಡಿ. ನಿಮ್ಮ ಪ್ರತಿಯ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಮೇಲ್ವಿಚಾರಕಿಗೆ ಮೊದಲೇ ತಿಳಿಸಿಬಿಡಿ, ಅವರ ಬೆನ್ನ ಹಿಂದೆ ಮಾಡಿದ ಹಾಗೆ ಕಾಣಬಾರದು.

ಗ್ರಾಮಸಭೆ ವರ್ಷಕ್ಕೆ ಕನಿಷ್ಠ ಎರಡು ಸಲ ನಡೆಯಬೇಕು. ಆ ದಿನ ಐದಾರು ತಾಯಂದಿರನ್ನು ಕರೆದುಕೊಂಡು ಹೋಗಿ. ಮಾತು ಅವರದ್ದಾಗಲಿ. ‘ನನ್ನ ಮಗು ಒದ್ದೆ ನೆಲದಲ್ಲಿ ಕೂತು ಉಣ್ತಾ ಇದೆ’ ಅಂತ ಒಬ್ಬ ತಾಯಿ ಹೇಳಿದರೆ, ಟೀಚರ್ ಹತ್ತು ಸಲ ಹೇಳಿದ್ದಕ್ಕಿಂತ ಜಾಸ್ತಿ ತೂಕ. ಓಟು ಹಾಕುವವರು ಅವರೇ ತಾನೆ? ನೀವು ಪಕ್ಕದಲ್ಲಿ ನಿಂತು ನೋಟ್ ಪುಸ್ತಕದ ಲೆಕ್ಕವನ್ನಷ್ಟೇ ಓದಿ. ಓದುವುದಕ್ಕೆ ಧೈರ್ಯ ಅಷ್ಟೊಂದು ಬೇಕಾಗುವುದಿಲ್ಲ. ನವೆಂಬರ್ ಹೊತ್ತಿಗೆ ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ. ನಿಮ್ಮಲ್ಲಿ ಆಡಿ ಹೋದ ಹುಡುಗಿ ಈಗ ಆರನೇ ಕ್ಲಾಸಿನಲ್ಲಿದ್ದು, ತಮ್ಮನೋ ತಂಗಿಯೋ ಕೇಂದ್ರಕ್ಕೆ ಬರುತ್ತಿದ್ದರೆ, ಅವಳಿಗೂ ಕೇಳುವ ಹಕ್ಕಿದೆ.

ಆ ತಾಯಂದಿರು ನಿಮ್ಮ ಜೊತೆ ಬರುತ್ತಾರಾ ಅನ್ನುವುದು ನೀವು ಇಷ್ಟು ದಿನ ಅವರ ಮನೆಗೆ ಎಷ್ಟು ಸಲ ಹೋಗಿದ್ದೀರಿ ಅನ್ನುವುದರ ಮೇಲಿದೆ. ಹೋಗಿಲ್ಲ ಅಂದರೆ ಅರ್ಜಿ ಹಿಡಿದು ಹೋಗಬೇಡಿ. ಮೊದಲು ಸುಮ್ನೆ ಹೋಗಿ, ಕಾಫಿ ಕುಡಿದು, ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಬನ್ನಿ. ಅರ್ಜಿಯ ವಿಷಯ ಎರಡನೇ ಸಲಕ್ಕೆ ಇರಲಿ.