ಚೆರ್ನೋಬಿಲ್ ಕಡೆಯಿಂದ ಬಂದೋರಿಗೆ ಈಗ ಯಾವ ಚೆಕಪ್ ಬೇಕು?

ನಿಮ್ಮ ಗೋಕುಲಂ ಮನೇಲಿ ಬಾಡಿಗೆಗಿರೋ ಉಕ್ರೇನ್ ಹೆಂಗಸು 1986ರಲ್ಲಿ ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರ ಸ್ಫೋಟ ಆದಾಗ ಅದರ ಹತ್ರದ ಹಳ್ಳೀಲಿ ಪುಟ್ಟ ಮಗು, ಈಗೇನು ಟೆಸ್ಟ್ ಮಾಡಿಸ್ಬೇಕು, ನಮ್ಗೂ ರೇಡಿಯೇಷನ್ ಹರಡುತ್ತಾ ಅಂತ ಕೇಳಿದೀರ. ಹರಡಲ್ಲ ಸ್ವಾಮಿ, ಅವ್ರ ಲೋಟದಲ್ಲಿ ಕಾಫಿ ಕುಡಿದ್ರೂ ಏನಾಗಲ್ಲ, ಅದೇನು ನೆಗಡಿನಾ?

ನೋಡ್ಬೇಕಾಗಿರೋದು ಮುಖ್ಯವಾಗಿ ಥೈರಾಯ್ಡ್. ಅವತ್ತು ಸ್ಥಾವರದಿಂದ ಗಾಳೀಲಿ ಬಂದ ಅಯೋಡಿನ್-131 ಅನ್ನೋ ವಿಕಿರಣ ಸೂಸೋ ವಸ್ತು ಹುಲ್ಲಿನ ಮೇಲೆ ಬಿತ್ತು, ಹಸು ಮೇಯ್ತು, ಹಾಲಲ್ಲಿ ಬಂತು, ಮಕ್ಳು ಕುಡಿದ್ರು, ಕತ್ತಲ್ಲಿರೋ ಆ ಸಣ್ಣ ಗ್ರಂಥಿ ಅದನ್ನೆಲ್ಲ ಹೀರ್ಕೊಳ್ತು. 8 ದಿನಕ್ಕೆ ಅರ್ಧ ಆಗೋ ವಸ್ತು, ಕೆಲವೇ ತಿಂಗಳಲ್ಲಿ ಖಾಲಿ, ಆದ್ರೆ ಆಗ ಬಿದ್ದ ಏಟು ಎಷ್ಟೋ ವರ್ಷ ಆದ್ಮೇಲೆ ಗಂಟಾಗಿ ಕಾಣಿಸ್ಕೋಬಹುದು. ಅದಕ್ಕೆ ಹುಟ್ಟಿದ ವರ್ಷ, ಆಗಿದ್ದ ಊರು, ಹಸುವಿನ ಹಾಲು ಕುಡೀತಿದ್ರಾ ಅನ್ನೋದನ್ನ ಡಾಕ್ಟ್ರಿಗೆ ಅವ್ರೇ ಹೇಳ್ಬೇಕು, ಇಲ್ಲಿ ಯಾರೂ ತಾವಾಗೇ ಕೇಳಲ್ಲ. ಕತ್ತು ಮುಟ್ಟಿ ನೋಡಿಸ್ಲಿ, ಥೈರಾಯ್ಡ್ ಸರಿಯಾಗಿ ಕೆಲಸ ಮಾಡ್ತಿದ್ಯಾ ಅಂತ ನೋಡೋ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸ್ಲಿ, ಗಂಟು ಸಿಕ್ರೆ ಅಲ್ಟ್ರಾಸೌಂಡ್. ಟಿಎಸ್‌ಎಚ್ ನಾರ್ಮಲ್ ಬಂತು ಅಂದ್ರೆ ಗಂಟಿಲ್ಲ ಅಂತಲ್ಲ, ನೆನಪಿರ್ಲಿ. ಕ್ಯಾನ್ಸರ್ರೇ ಆದ್ರೂ ಬೇಗ ಹಿಡಿದ್ರೆ ಬಹುತೇಕ ವಾಸಿಯಾಗುತ್ತೆ.

ಇನ್ನೊಂದು, ಆ ಕಡೆ ಜನಕ್ಕೆ ಊರು ಬಿಟ್ಟ ಸಂಕಟ, ಮುಂದೇನೋ ಅನ್ನೋ ಭಯ ತುಂಬಾ ಕಾಡಿದೆ, ನಿದ್ದೆ ಬರ್ತಿಲ್ಲ ಅಂದ್ರೆ ಅದಕ್ಕೂ ಡಾಕ್ಟ್ರನ್ನ ನೋಡ್ಲಿ. ಸುಮ್ಸುಮ್ನೆ ವರ್ಷಾ ವರ್ಷಾ ಫುಲ್ ಬಾಡಿ ಸ್ಕ್ಯಾನ್ ಪ್ಯಾಕೇಜಿಗೆ ದುಡ್ಡು ಸುರಿಯೋದು ಬೇಡ.